ನೋಟಿಸ್ ಅವಧಿಯಲ್ಲೇ ಗೃಹಸಾಲ: ನಾನು ಫೈಲ್ ಜೋಡಿಸಿದ ಬಗೆ

ಕೈಯಲ್ಲಿ ಹೊಸ ಕಂಪನಿಯ ಆಫರ್ ಲೆಟರ್, ಹಳೆ ಕಂಪನಿಯಲ್ಲಿ 60 ದಿನದ ನೋಟಿಸ್, ಮಂಗಳೂರಿನಲ್ಲಿ 40 ಲಕ್ಷಕ್ಕೆ ಮಾತಾಗಿರುವ ಫ್ಲಾಟ್. ಸಾಲಕ್ಕೆ ಈಗಲೇ ಅರ್ಜಿ ಹಾಕುವುದೋ, ಹೊಸ ಕಡೆ ಮೂರು ಸಂಬಳ ಬಂದ ಮೇಲೆ ಹಾಕುವುದೋ? ನಾನು ಈಗಲೇ ಹಾಕಿದೆ, ಆದರೆ ಎರಡು ಕಟ್ಟುಪಾಡು ಇಟ್ಟುಕೊಂಡು. ಸಾಲದ ಮೊತ್ತ ಹಳೆ ಸಂಬಳಕ್ಕೇ ಹೊಂದಬೇಕು. ಕೆಲಸ ಬಿಡುವ ವಿಷಯ ಬ್ಯಾಂಕಿಗೆ ಮೊದಲೇ ಬರಹದಲ್ಲಿ ಹೋಗಬೇಕು. ಕೆಲಸ ಬದಲಿಸಿದ್ದಕ್ಕೇ ಬಿದ್ದುಹೋಗುವ ಫೈಲುಗಳು ಕಡಿಮೆ. ಹಳೆ ಕೆಲಸಕ್ಕೂ ಹೊಸ ಕೆಲಸಕ್ಕೂ ನಡುವೆ ಕಾಗದದ ಕೊಂಡಿ ಕಳಚಿ ಬೀಳುವುದೇ ಜಾಸ್ತಿ.

ಮೊದಲು ಲೆಕ್ಕ. 8.5% ಬಡ್ಡಿಗೆ, 20 ವರ್ಷಕ್ಕೆ, ಲಕ್ಷಕ್ಕೆ 868 ರೂಪಾಯಿ ಕಂತು ಬೀಳುತ್ತದೆ. ಕೈಗೆ ಬರುವ ಸಂಬಳದಲ್ಲಿ ಎಲ್ಲ ಕಂತುಗಳೂ ಸೇರಿ ಎಷ್ಟು ಪಾಲು ಹೋಗಬಹುದು ಎಂಬುದಕ್ಕೆ ಬ್ಯಾಂಕಿಗೊಂದು ಮಿತಿ ಇರುತ್ತದೆ. ನನ್ನ ಫೈಲಿಗೆ ಹಿಡಿದದ್ದು 45%. ಹಳೆ ಸಂಬಳ ಕೈಗೆ 62,000. ಅದರ 45% ಅಂದರೆ 27,900. ಸ್ಕೂಟರ್ ಸಾಲದ ಕಂತು 3,200 ಕಳೆದರೆ ಉಳಿಯುವುದು 24,700, ಅದಕ್ಕೆ ಸಿಗುವ ಸಾಲ ಸುಮಾರು 28.4 ಲಕ್ಷ. ನನಗೆ ಬೇಕಿದ್ದದ್ದು 32 ಲಕ್ಷ. 30ರಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ಆಸ್ತಿ ಬೆಲೆಯ 80% ಮೀರಿ ಕೊಡಬಾರದು ಎಂದು ರಿಸರ್ವ್ ಬ್ಯಾಂಕಿನ ನಿಯಮ. 40 ಲಕ್ಷಕ್ಕೆ 32 ಲಕ್ಷವೇ ಗಡಿ. ಸ್ಟಾಂಪು, ನೋಂದಣಿ ಖರ್ಚು ಈ ಬೆಲೆಯೊಳಗೆ ಸೇರುವುದಿಲ್ಲ, ಅದು ಪೂರ್ತಿ ಕೈಯಿಂದ.

ಸ್ಕೂಟರ್ ಸಾಲದಲ್ಲಿ ಬಾಕಿ ಇದ್ದದ್ದು 38,000. ಅದನ್ನು ಕಟ್ಟಿ ಮುಗಿಸಿದ ಕೂಡಲೇ ಪೂರ್ತಿ 27,900 ಗೃಹಸಾಲದ ಕಂತಿಗೆ ಸಿಕ್ಕಿತು: 32.1 ಲಕ್ಷ. ಮೂವತ್ತೆಂಟು ಸಾವಿರ ಕಟ್ಟಿದ್ದಕ್ಕೆ ಮೂರೂವರೆ ಲಕ್ಷಕ್ಕೂ ಹೆಚ್ಚು ಜಾಗ. ಮುಗಿಯುತ್ತ ಬಂದಿರುವ ಸಣ್ಣ ಸಾಲ ಯಾವುದಿದ್ದರೂ ಮೊದಲು ಅದಕ್ಕೇ ಕೈಹಾಕಿ. ಮುಗಿಸಿದ ಮೇಲೆ ಎನ್‌ಒಸಿ (ಬಾಕಿ ಇಲ್ಲವೆಂಬ ಪತ್ರ) ಮತ್ತು ಫಾರ್ಮ್ 35 (ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಅರ್ಜಿ) ತೆಗೆದುಕೊಳ್ಳಿ, ಇಲ್ಲವಾದರೆ ಆರ್‌ಸಿಯಲ್ಲಿ ಸಾಲ ಹಾಗೇ ಕೂತಿರುತ್ತದೆ.

ಹೊಸ ಸಂಬಳ ತೋರಿಸಿ ಹೆಚ್ಚು ಸಾಲ ಕೇಳುವ ಆಸೆ ಎಲ್ಲರಿಗೂ ಬರುತ್ತದೆ. ಆಫರ್ ಲೆಟರಿನಲ್ಲಿ ಸಿಟಿಸಿ (ಕಂಪನಿ ನಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು) 13.2 ಲಕ್ಷ ಇದ್ದರೆ ಹನ್ನೆರಡರಿಂದ ಭಾಗಿಸಿ 1,10,000 ಎಂದುಕೊಳ್ಳುತ್ತೇವೆ. ಬ್ಯಾಂಕಿನವರು ಹಾಗೆ ಓದುವುದಿಲ್ಲ. ಸಾಧನೆ ನೋಡಿ ಕೊಡುವ ವೇರಿಯಬಲ್ ಪೇ ವರ್ಷಕ್ಕೆ 1.2 ಲಕ್ಷ, ತಿಂಗಳಿಗೆ 10,000 ಹೋಯಿತು. ಮೂಲ ವೇತನ 50,000 ಇದ್ದರೆ ಕಂಪನಿ ಕಟ್ಟುವ ಪಿಎಫ್ 12%, ತಿಂಗಳಿಗೆ 6,000. ಗ್ರಾಚ್ಯುಟಿ ಎಂದು ತೋರಿಸುವ 4.81%, ತಿಂಗಳಿಗೆ 2,405, ಇವೂ ಹೋದವು. ಉಳಿದದ್ದು 91,595. ಅದರಲ್ಲಿ ನಮ್ಮ ಪಾಲಿನ ಪಿಎಫ್ 6,000, ವೃತ್ತಿ ತೆರಿಗೆ 200 ಕಳೆದರೆ ಕೈಗೆ ಸುಮಾರು 85,400. 1,10,000 ಎಲ್ಲಿ, ಇದೆಲ್ಲಿ! ಈ 85,400ರ ಮೇಲೆ ಲೆಕ್ಕ ಹಾಕಿದರೂ 44 ಲಕ್ಷದವರೆಗೆ ಅರ್ಹತೆ ಬರುತ್ತದೆ, ನಿಜ. ಆದರೆ ಪ್ರೊಬೇಷನ್ನಿನಲ್ಲಿರುವವರ ಬರಲಿರುವ ಸಂಬಳದ ಮೇಲೆ ಸಾಲ ಕೊಡಿ ಎಂದು ಕೇಳಿದರೆ ಫೈಲ್ ಶಾಖೆಯ ಕೈಮೀರಿ ಮೇಲಿನ ಕಚೇರಿಗೆ ಹೋಗುತ್ತದೆ, ಅಲ್ಲಿ ಪ್ರಶ್ನೆಗಳು ಶುರುವಾಗುತ್ತವೆ. ಕಡಿಮೆ ಸಾಲ ತೆಗೆದು, ಹೊಸ ಸಂಬಳ ಬಂದ ಮೇಲೆ ಹೆಚ್ಚು ಕಟ್ಟುವುದೇ ಲೇಸು. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುಂಚೆ ಕಟ್ಟಿದರೆ ದಂಡವಿಲ್ಲ. 32 ಲಕ್ಷಕ್ಕೆ 27,770 ಕಂತು. ತಿಂಗಳಿಗೆ 5,000 ಹೆಚ್ಚಿಗೆ ಕಟ್ಟುತ್ತ ಹೋದರೆ 20 ವರ್ಷದ ಸಾಲ ಹದಿನಾಲ್ಕು ವರ್ಷ ತುಂಬುವ ಮೊದಲೇ ತೀರುತ್ತದೆ.

ರಾಜೀನಾಮೆ ಪತ್ರ ಕಳಿಸುವುದಕ್ಕೂ ಮೊದಲು ಮಾಡಬೇಕಾದದ್ದು ಸಿಬಿಲ್ ವರದಿ, ಅಂದರೆ ನಮ್ಮ ಸಾಲಗಳ ಇತಿಹಾಸ ತೆಗೆಯುವ ಕೆಲಸ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ಈ ನಾಲ್ಕೂ ಸಾಲ ಮಾಹಿತಿ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿ ಕೊಡಲೇಬೇಕು. ನಮ್ಮ ವರದಿ ನಾವೇ ನೋಡಿದರೆ ಅಂಕ ಇಳಿಯುವುದಿಲ್ಲ. ಅಂಕಕ್ಕಿಂತ ಮೊದಲು ಒಳಗಿನ ಸಾಲುಗಳನ್ನು ಓದಿ. ಎಂದೋ ಬಿಟ್ಟ ಕ್ರೆಡಿಟ್ ಕಾರ್ಡಿನ ವಾರ್ಷಿಕ ಶುಲ್ಕ ಬಾಕಿ ಎಂದಿರುತ್ತದೆ, ಮುಗಿಸಿದ ಸಾಲ ತೆರೆದೇ ಇದೆ ಎಂದಿರುತ್ತದೆ, 'ಸೆಟಲ್ಡ್' (ಬಾಕಿಯನ್ನು ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿಸಿದ್ದು) ಎಂಬ ಪದ ಎಲ್ಲೋ ಮೂಲೆಯಲ್ಲಿ ಕೂತಿರುತ್ತದೆ. ತಪ್ಪಿದ್ದರೆ ದೂರು ಹಾಕಿ. 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ನಿಯಮವಿದೆ. 2025ರಿಂದ ಬ್ಯಾಂಕುಗಳು ಈ ಮಾಹಿತಿಯನ್ನು ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ಕಳಿಸಬೇಕು, ಹಾಗಾಗಿ ಸ್ಕೂಟರ್ ಸಾಲ ಮುಗಿಸಿದ ಮರುದಿನವೇ ಅರ್ಜಿ ಹಾಕಬೇಡಿ. 'ಕ್ಲೋಸ್ಡ್' ಎಂದು ಕಾಣುವವರೆಗೆ ತಡೆಯಿರಿ, ಆಗದಿದ್ದರೆ ಎನ್‌ಒಸಿ ಲಗತ್ತಿಸಿ.

ಅರ್ಜಿ ಒಂದೇ ಕಡೆ ಹಾಕಿ. ಇದು ನಮ್ಮೂರಿನಲ್ಲಿ ಕಷ್ಟದ ಮಾತು. ಕೆನರಾ ಬ್ಯಾಂಕ್, ಕರ್ಣಾಟಕ ಬ್ಯಾಂಕ್, ವಿಜಯಾ ಬ್ಯಾಂಕ್ ಮಂಗಳೂರಿನಲ್ಲಿ, ಕಾರ್ಪೊರೇಷನ್, ಸಿಂಡಿಕೇಟ್ ಉಡುಪಿಯಲ್ಲಿ ಹುಟ್ಟಿದವು; ಹೀಗಾಗಿ ಬ್ಯಾಂಕಿನಲ್ಲಿ ಒಬ್ಬ ಭಾವನೋ ಚಿಕ್ಕಪ್ಪನ ಮಗನೋ ಇಲ್ಲದ ಮನೆ ಸಿಗುವುದು ಅಪರೂಪ. ಮೂವರು ನೆಂಟರು ಮೂರು ಬ್ಯಾಂಕಿನಲ್ಲಿ "ಸುಮ್ಮನೆ ನೋಡ್ತೇನೆ, ಪ್ಯಾನ್ ನಂಬರ್ ಕೊಡು" ಎಂದರೆ ವರದಿಯಲ್ಲಿ ಒಂದೇ ವಾರಕ್ಕೆ ಮೂರು ವಿಚಾರಣೆ ದಾಖಲಾಗುತ್ತದೆ. ಓದುವವನಿಗೆ ಅದು ಸಾಲಕ್ಕಾಗಿ ಅಲೆದಾಡುವವನ ಗುರುತು. ಬಡ್ಡಿ, ಪ್ರೊಸೆಸಿಂಗ್ ಶುಲ್ಕ ಬಾಯಲ್ಲೇ ವಿಚಾರಿಸಿ. ಪ್ಯಾನ್ ಒಬ್ಬರಿಗೇ ಕೊಡಿ.

ಇನ್ನು ಬ್ಯಾಂಕಿಗೆ ಹೇಳುವ ವಿಷಯ. ಹಳೆ ಕಂಪನಿಯ ಮೂರು ಸ್ಯಾಲರಿ ಸ್ಲಿಪ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಎರಡು ವರ್ಷದ ಫಾರ್ಮ್ 16 ಕೊಟ್ಟು, ರಾಜೀನಾಮೆಯ ಸುದ್ದಿ ನುಂಗಿ, ನೋಟಿಸ್ ಮುಗಿಯುವುದರೊಳಗೆ ಹಣ ಬಿಡುಗಡೆ ಮಾಡಿಸಿಕೊಳ್ಳಿ ಎಂಬ ಸಲಹೆ ಕೊಡುವವರು ಬಹಳ ಮಂದಿ. ಬೇಡ. ಅರ್ಜಿಯಲ್ಲಿ ಉದ್ಯೋಗದ ವಿವರ ಸತ್ಯವೆಂದು ಸಹಿ ಹಾಕಿರುತ್ತೀರಿ, ಸ್ಯಾಂಕ್ಷನ್ ಲೆಟರಿನಲ್ಲಿ ಉದ್ಯೋಗ ಬದಲಾದರೆ ತಿಳಿಸಬೇಕು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಬಿಡುಗಡೆಗೆ ಮೊದಲು ಎಚ್‌ಆರ್‌ಗೆ ಇನ್ನೊಮ್ಮೆ ಮೇಲ್ ಹೋಗಿ "ನೋಟಿಸ್‌ನಲ್ಲಿದ್ದಾರೆ" ಎಂದು ಉತ್ತರ ಬಂದರೆ ಮಂಜೂರಾದದ್ದೂ ನಿಲ್ಲುತ್ತದೆ. ಆಗ ಮಾರುವವರಿಗೆ ಕೊಟ್ಟ ಮುಂಗಡ ಸಿಕ್ಕಿಕೊಳ್ಳುತ್ತದೆ.

ನಾನು ಅರ್ಜಿಯ ಜೊತೆ ಅರ್ಧ ಪುಟದ ಪತ್ರ ಇಟ್ಟೆ: ಹಳೆ ಕಂಪನಿಯ ಕೊನೆ ದಿನ, ಹೊಸ ಕಂಪನಿಗೆ ಸೇರುವ ದಿನ, ಎರಡೂ ಕೆಲಸ ಒಂದೇ ಕ್ಷೇತ್ರದವು, ಸಾಲ ಕೇಳುತ್ತಿರುವುದು ಹಳೆ ಸಂಬಳದ ಅರ್ಹತೆಯೊಳಗೆ. ಜೊತೆಗೆ ಸಹಿಯಾದ ಆಫರ್ ಲೆಟರ್. ಮಂಜೂರಾತಿ ಬಂತು, ಷರತ್ತಿನೊಂದಿಗೆ: ರಿಲೀವಿಂಗ್ ಲೆಟರ್, ಹೊಸ ನೇಮಕಾತಿ ಪತ್ರ, ಮೊದಲ ಸ್ಯಾಲರಿ ಸ್ಲಿಪ್ ಕೊಟ್ಟ ಮೇಲೆ ಹಣ. ಸ್ಯಾಂಕ್ಷನ್ ಲೆಟರಿಗೆ ಅವಧಿ ಇರುತ್ತದೆ, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು. ಮೊದಲ ಸಂಬಳ ಬರುವ ತಾರೀಕು ಅದರೊಳಗೆ ಬರುತ್ತದೆಯೇ ಎಂದು ಕ್ಯಾಲೆಂಡರ್ ಮುಂದಿಟ್ಟುಕೊಂಡು ಎಣಿಸಿ.

ಎಣಿಕೆ ತಪ್ಪುವುದು ಇಲ್ಲೇ. ಹಳೆ ಕಂಪನಿಯವರು ಕೊನೆ ತಿಂಗಳ ಸಂಬಳ ತಡೆದು ಫುಲ್ ಅಂಡ್ ಫೈನಲ್ (ಕೆಲಸ ಬಿಟ್ಟ ಮೇಲಿನ ಅಂತಿಮ ಲೆಕ್ಕ) ಜೊತೆ ಕೊಡುವುದುಂಟು. ಹೊಸ ಕಂಪನಿಯಲ್ಲಿ ಸಂಬಳಪಟ್ಟಿ ಕಟ್ಟುವ ದಿನ ಕಳೆದ ಮೇಲೆ, ಉದಾಹರಣೆಗೆ 20ರಂದು ಕಟ್ಟುವ ಕಡೆ 22ಕ್ಕೆ ಸೇರಿದರೆ, ಆ ದಿನಗಳ ಸಂಬಳ ಮುಂದಿನ ತಿಂಗಳು ಸೇರಿ ಬರುತ್ತದೆ. ಎರಡೂ ಒಟ್ಟಾದರೆ ಸ್ಟೇಟ್‌ಮೆಂಟಿನಲ್ಲಿ ಎರಡು ತಿಂಗಳು ಸಂಬಳದ ಸಾಲೇ ಇಲ್ಲ. ಸೇರುವ ದಿನ ಒಪ್ಪಿಕೊಳ್ಳುವ ಮೊದಲು ಎಚ್‌ಆರ್ ಬಳಿ ಆ ಕಟ್‌ಆಫ್ ದಿನ ಕೇಳಿ, ಅದಕ್ಕಿಂತ ಮೊದಲೇ ಸೇರಿ. ಹೊಸ ಸಂಬಳ ಬೇರೆ ಬ್ಯಾಂಕಿನ ಖಾತೆಗೆ ಬಂದರೆ ಎರಡೂ ಖಾತೆಯ ಸ್ಟೇಟ್‌ಮೆಂಟ್ ಕೊಡಿ. ಹಳೆ ಖಾತೆಯಿಂದ ತಾನಾಗಿ ಕಡಿತವಾಗುವ ಕಾರ್ಡ್ ಬಿಲ್ಲು, ವಿಮೆ, ಕಂತುಗಳಿಗೆ ಎರಡು ತಿಂಗಳಿಗಾಗುವಷ್ಟು ಹಣ ಅಲ್ಲೇ ಬಿಡಿ. ಆ ಹೊತ್ತಿನಲ್ಲಿ ಒಂದು ಕಡಿತ ಬೌನ್ಸ್ ಆದರೂ ಸಿಬಿಲ್‌ನಲ್ಲಿ ಗಾಯ ಬೀಳಬಹುದು. ಸಂಬಳ ಬರುವುದು ನಿಂತ ಮೇಲೆ ಆ ಖಾತೆ ಮಾಮೂಲಿ ಉಳಿತಾಯ ಖಾತೆಯಾಗಿ ಕೆಲವು ಬ್ಯಾಂಕುಗಳಲ್ಲಿ ಕನಿಷ್ಠ ಶಿಲ್ಕಿನ ದಂಡವೂ ಶುರುವಾಗಬಹುದು.

ಪಿಎಫ್ ಕಡೆಗೂ ಕಣ್ಣಿರಲಿ. ಕೆಲಸದ ಸರಣಿ ನೋಡಲು ಪಿಎಫ್ ಸದಸ್ಯರ ಗುರುತಿನ ಸಂಖ್ಯೆಯಾದ ಯುಎಎನ್‌ನ ಸೇವಾ ವಿವರ ಕೇಳುತ್ತಾರೆ. ಹಳೆ ಕಂಪನಿ ನಿರ್ಗಮನದ ದಿನಾಂಕ ಹಾಕದಿದ್ದರೆ ಎರಡು ಕಡೆ ಒಟ್ಟಿಗೆ ಕೆಲಸ ಮಾಡುತ್ತಿರುವಂತೆ ಕಾಣುತ್ತದೆ. ಕೊನೆಯ ವಂತಿಗೆಯಾಗಿ ಎರಡು ತಿಂಗಳಾದ ಮೇಲೆ ನಾವೇ ಹಾಕಬಹುದು, ಆದರೆ ಅಷ್ಟು ಕಾಯುವ ಸಮಯ ನಿಮಗಿರುವುದಿಲ್ಲ. ಕೊನೆ ದಿನವೇ ಹೇಳಿ ಹಾಕಿಸಿ. ನೌಕರರ ಸಹಕಾರಿ ಸಂಘದಲ್ಲಿ ನೀವು ಯಾರಿಗಾದರೂ ಜಾಮೀನು ನಿಂತಿದ್ದರೆ ಬದಲಿ ಜಾಮೀನುದಾರರನ್ನು ಕೊಡದೆ ನೋ ಡ್ಯೂಸ್ ಸಿಗುವುದು ಕಷ್ಟ, ಅದಿಲ್ಲದೆ ರಿಲೀವಿಂಗ್ ಲೆಟರೂ ತಡ.

ಹಿಂದಿನ ಸಂಬಳದ ವಿವರವನ್ನು ಹೊಸ ಕಂಪನಿಗೆ ಕೊಡಿ. ಕೊಡದಿದ್ದರೆ ಇಬ್ಬರೂ ಬೇರೆಬೇರೆಯಾಗಿ ತೆರಿಗೆ ಲೆಕ್ಕ ಹಾಕಿ, ಕಡಿಮೆ ಬಿದ್ದದ್ದು ರಿಟರ್ನ್ ಸಲ್ಲಿಸುವಾಗ ಒಮ್ಮೆಗೇ ಮೈಮೇಲೆ ಬರುತ್ತದೆ, ಅದೂ ಕಂತು ಶುರುವಾದ ವರ್ಷದಲ್ಲೇ.

ಮನೆಗೂ ಕಚೇರಿಗೂ ವೆರಿಫಿಕೇಶನ್‌ಗೆ ಜನ ಬರುತ್ತಾರೆ. ಆಧಾರ್‌ನಲ್ಲಿ ಕಾರ್ಕಳದ ಮನೆ, ವಾಸ ಬಿಜೈಯ ಬಾಡಿಗೆ ಮನೆ ಎಂದಾದರೆ ಬಾಡಿಗೆ ಕರಾರು ಪತ್ರ ತಯಾರಿರಲಿ. ಮನೆಯಲ್ಲಿರುವ ಹಿರಿಯರಿಗೂ ತಿಳಿಸಿಡಿ. "ಅವ ಆ ಕೆಲಸ ಬಿಟ್ಟಾಯ್ತಲ್ಲ" ಎಂದು ಅಮ್ಮ ಅಷ್ಟಕ್ಕೇ ನಿಲ್ಲಿಸಿದರೆ ವರದಿಯಲ್ಲಿ ಅಷ್ಟೇ ಬರೆಯಲ್ಪಡುತ್ತದೆ. "ಇಂಥ ತಾರೀಕಿಗೆ ಹೊಸ ಕಡೆ ಸೇರ್ತಾನೆ" ಎಂಬ ಉಳಿದರ್ಧವೂ ಅವರ ಬಾಯಲ್ಲಿರಬೇಕು.

ನೋಟಿಸ್ ಅವಧಿಯನ್ನು ನಾನು ಆಸ್ತಿ ಕಾಗದಕ್ಕೆ ಬಳಸಿಕೊಂಡೆ. ಬ್ಯಾಂಕಿನ ಪ್ಯಾನೆಲ್ ವಕೀಲರ ಅಭಿಪ್ರಾಯಕ್ಕೆ ಈ ಜಿಲ್ಲೆಯಲ್ಲಿ ಬೇರೆ ಕಡೆಗಿಂತ ಹೆಚ್ಚು ಹೊತ್ತು ಬೇಕು. ಕಟ್ಟಡದ ಕೆಳಗಿನ ಜಾಗ ಹಿಂದೆ ಮೂಲಗೇಣಿಯದ್ದಾಗಿರಬಹುದು (ಶಾಶ್ವತ ಗೇಣಿಗೆ ಕೊಟ್ಟದ್ದು). ಮೂಲಗೇಣಿದಾರರಿಗೆ ಒಡೆತನ ಕೊಡುವ ಕಾಯ್ದೆ 2011ರದ್ದು, ಆದರೆ ಈ ಜಾಗಕ್ಕೆ ಒಡೆತನ ಬಂದಿದೆಯೇ ಎಂಬುದಕ್ಕೆ ಕಾಗದವೇ ಬೇಕು. ತಾಯಿಯ ಕಡೆಯಿಂದ ಹಕ್ಕು ಬರುವ ಅಳಿಯಸಂತಾನ ಕುಟುಂಬದ ಆಸ್ತಿಯಾಗಿದ್ದರೆ ಪಾಲುಪಟ್ಟಿಯಲ್ಲಿ ಎಲ್ಲ ಕವರಿನವರ (ಕುಟುಂಬದ ಕವಲುಗಳವರ) ಸಹಿ ಇದೆಯೇ ನೋಡುತ್ತಾರೆ. ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಸಿಕ್ಕಿದ, ಭೂನ್ಯಾಯ ಮಂಡಳಿಯ ಡಿಕ್ಲರೇಶನ್ ಜಾಗವಾದರೆ ಆ ಆದೇಶದ ನಕಲು. ಇದರ ಮೇಲೆ ಭೂಪರಿವರ್ತನೆ ಆದೇಶ, ಇ-ಖಾತೆ, ಋಣಭಾರ ಪತ್ರ, ತೆರಿಗೆ ರಸೀದಿ. ಇವನ್ನೆಲ್ಲ ಮೊದಲ ವಾರವೇ ವಕೀಲರ ಮೇಜಿಗೆ ಮುಟ್ಟಿಸಿದರೆ, ಮೊದಲ ಸ್ಯಾಲರಿ ಸ್ಲಿಪ್ ಬರುವ ಹೊತ್ತಿಗೆ ಬ್ಯಾಂಕಿನಲ್ಲಿ ಬೇರೇನೂ ಬಾಕಿ ಇರುವುದಿಲ್ಲ.

ಮಾರಾಟದ ಕರಾರಿನಲ್ಲಿ ಮೂರು ತಿಂಗಳ ಬದಲು ಐದು ತಿಂಗಳ ಗಡುವು ಬರೆಸಿ. ಬ್ಯಾಂಕ್ ಸಾಲ ನಿರಾಕರಿಸಿದರೆ ಮುಂಗಡ ವಾಪಸು ಎಂಬ ಒಂದು ಸಾಲೂ ಇರಲಿ. ಸಹಿಗೆ ಮೊದಲು ಬ್ಯಾಂಕ್ ಕೊಡುವ ಪ್ರಮುಖ ಅಂಶಗಳ ಪತ್ರ ಓದಿ, 2024ರ ಅಕ್ಟೋಬರ್ 1ರಿಂದ ಅದು ಕಡ್ಡಾಯ. ಸಾಲದ ಜೊತೆ ವಿಮೆಯ ಒಂದೇ ಕಂತಿನ ಪ್ರೀಮಿಯಂ ಸೇರಿಸಿದ್ದರೆ ಅದರಲ್ಲಿ ಕಾಣುತ್ತದೆ, ಬೇಡವಾದರೆ ತೆಗೆಸಿ.

ಹೊಸ ಕೆಲಸ ದುಬೈಯದ್ದೋ ಕುವೈತಿನದ್ದೋ ಆದರೆ ದಾರಿ ಬೇರೆ. ಹೋದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಅನಿವಾಸಿಗಳ ಖಾತೆಯಾದ ಎನ್‌ಆರ್‌ಒ ಮಾಡಿಸಬೇಕು, ಸಾಲವೂ ಎನ್‌ಆರ್‌ಐ ಯೋಜನೆಯಡಿ ಬರುತ್ತದೆ, ವೀಸಾ ಮತ್ತು ಕೆಲಸದ ಕರಾರು ಕೇಳುತ್ತಾರೆ. ವಿಮಾನ ಹತ್ತುವ ಮೊದಲೇ ಮನೆಯ ಒಬ್ಬರಿಗೆ ಮುಖ್ತ್ಯಾರ್ ಪತ್ರ ಮಾಡಿಸಿಡಿ. ಅಲ್ಲಿಂದ ಮಾಡಿಸುವುದಾದರೆ ಭಾರತೀಯ ದೂತಾವಾಸದ ದೃಢೀಕರಣ ಬೇಕು, ಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪು ಶುಲ್ಕ ಕಟ್ಟಬೇಕು.

ಬೇಕಿರುವುದು ಮನೆಯಲ್ಲ, ಬೆಂಗಳೂರಿನ ಬಾಡಿಗೆ ಮನೆಯ ಅಡ್ವಾನ್ಸು, ಸಾಗಾಟ, ಮೊದಲ ಸಂಬಳದವರೆಗಿನ ಖರ್ಚು ಮಾತ್ರ ಎಂದಾದರೆ ಆಫರ್ ಲೆಟರ್ ಹಿಡಿದು ಪರ್ಸನಲ್ ಲೋನ್ ಹುಡುಕುವುದು ವ್ಯರ್ಥ. ಎಫ್‌ಡಿ ಇದ್ದರೆ ಅದರ ಮೇಲೆ ಸಾಲ ತೆಗೆಯಿರಿ, ಸ್ಯಾಲರಿ ಸ್ಲಿಪ್ ಕೇಳುವುದಿಲ್ಲ. ಇಲ್ಲದಿದ್ದರೆ ಚಿನ್ನ. ಕರಿಮಣಿ ಸರ, ಹರಳಿನ ಉಂಗುರಗಳಲ್ಲಿ ಮಣಿ, ಹರಳು, ಮೇಣದ ತೂಕ ಕಳೆದು ನಿವ್ವಳ ಚಿನ್ನಕ್ಕಷ್ಟೇ ಲೆಕ್ಕ ಹಾಕುತ್ತಾರೆ, ಆದ್ದರಿಂದ ಬಳೆ, ಸರಳ ಚೈನುಗಳನ್ನು ಕೊಂಡೊಯ್ದರೆ ಅದೇ ತೂಕಕ್ಕೆ ಹೆಚ್ಚು ಸಿಗುತ್ತದೆ. ಒಟ್ಟು ತೂಕ, ನಿವ್ವಳ ತೂಕ, ಕ್ಯಾರೆಟ್ ಮೂರನ್ನೂ ಚೀಟಿಯಲ್ಲಿ ಬರೆಸಿಕೊಂಡೇ ಕೌಂಟರಿನಿಂದ ಏಳಿ.