ಕ್ಲೌನ್ ಫಿಶ್ ಸಾಕೋದಾದರೆ ಅನಿಮೋನಿ ಕೊನೆಗಿರಲಿ

ಕಿತ್ತಳೆ ಮೈ, ಮೂರು ಬಿಳಿ ಪಟ್ಟೆ. ಕ್ಲೌನ್ ಫಿಶ್ ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ: ಅನಿಮೋನಿ ಎಲ್ಲಿ? ಅಂದರೆ ಈ ಮೀನು ಕಡಲಲ್ಲಿ ಅಡಗಿ ಬದುಕುವ, ಕುಟುಕುವ ಎಳೆಗಳ ಹೂವಿನಂಥ ಜೀವಿ. ನಾನೂ ಹಾಗೇ ಆತುರಪಟ್ಟೆ. ಟ್ಯಾಂಕ್ ಇಟ್ಟು ಎರಡೇ ತಿಂಗಳಿಗೆ ಒಂದು ತಂದೆ. ಅದು ಇಟ್ಟ ಕಡೆ ಕೂರಲಿಲ್ಲ. ರಾತ್ರಿ ತೆವಳಿಕೊಂಡು ಹೋಗಿ ಪಂಪಿನ ಬಾಯಿಗೆ ಸಿಕ್ಕಿತು. ಬೆಳಿಗ್ಗೆ ನೋಡಿದರೆ ನೀರೆಲ್ಲ ಸುಣ್ಣದ ನೀರಿನ ಹಾಗೆ ಬೆಳ್ಳಗೆ.

ಈ ಮೀನಿಗೆ ಮನೆಯ ಟ್ಯಾಂಕಿನಲ್ಲಿ ಅನಿಮೋನಿ ಬೇಕೇ ಬೇಕು ಅಂತಿಲ್ಲ. ಕಡಲಲ್ಲಿ ಅದಿಲ್ಲದಿದ್ದರೆ ದೊಡ್ಡ ಮೀನುಗಳ ಬಾಯಿಗೆ ತುತ್ತಾಗುತ್ತದೆ. ಟ್ಯಾಂಕಿನಲ್ಲಿ ಆ ಭಯವಿಲ್ಲ. ನನ್ನ ಜೋಡಿ ಒಂದು ವರ್ಷ ಹೀಟರ್ ಪಕ್ಕದಲ್ಲೇ ಮಲಗುತ್ತಿತ್ತು!

ಜೋಡಿಗೆ ಸುಮಾರು 100 ಲೀಟರ್ ಟ್ಯಾಂಕ್ ಸಾಕು. ಆರ್‌ಓ ನೀರಿಗೆ ಮರೀನ್ ಅಕ್ವೇರಿಯಂ ಉಪ್ಪು ಬೆರೆಸಿ, ಸಾಂದ್ರತೆ (ಸಾದಾ ನೀರಿಗಿಂತ ಎಷ್ಟು ಪಾಲು ಭಾರ ಅನ್ನೋ ಲೆಕ್ಕ) 1.025ಕ್ಕೆ ತನ್ನಿ. ಅಡುಗೆ ಉಪ್ಪು ಬೇಡ. ಶಾಖ 25–26 ಡಿಗ್ರಿ ಇರಲಿ. ಕಲ್ಲು, ಫಿಲ್ಟರ್ ಎಲ್ಲ ಹಾಕಿ, ಮೀನಿಲ್ಲದೆ ನಾಲ್ಕರಿಂದ ಆರು ವಾರ ಓಡಿಸಿ. ಮೀನಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವ ತನಕ ಕೈ ಕಟ್ಟಿ ಕೂರಬೇಕು. ನೀರು ಆವಿಯಾದಾಗ ಉಪ್ಪು ಒಳಗೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟಕ್ಕೆ ಬರೀ ಸಿಹಿನೀರು ಸೇರಿಸಿ. ಹೊಸಬರು ಜಾಸ್ತಿ ಎಡವೋದು ಇಲ್ಲೇ.

ಮೀನು ತರುವಾಗ ಕಡಲಿಂದ ಹಿಡಿದದ್ದು ಬೇಡ, ಸಾಕಣೆಯಲ್ಲಿ ಹುಟ್ಟಿದ್ದೇ ಇರಲಿ. ಎರಡು ಮರಿ ಒಟ್ಟಿಗೆ ತನ್ನಿ, ಒಂದು ದೊಡ್ಡದು, ಒಂದು ಚಿಕ್ಕದು. ಗಂಡು ಯಾವುದು, ಹೆಣ್ಣು ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಅದನ್ನು ಅವೇ ತೀರ್ಮಾನಿಸುತ್ತವೆ. ಜೋರು ಮಾಡುವ ದೊಡ್ಡದು ಹೆಣ್ಣಾಗುತ್ತದೆ, ಇನ್ನೊಂದು ಗಂಡಾಗಿ ಉಳಿಯುತ್ತದೆ. ಹೆಣ್ಣು ಹತ್ತಿರ ಬಂದರೆ ಚಿಕ್ಕದು ಪಕ್ಕಕ್ಕೆ ವಾಲಿ ಗಡಗಡ ನಡುಗುತ್ತದೆ. ಜ್ವರ ಬಂತೇನೋ ಅಂತ ನಾನು ಮೊದಲ ಸಲ ಗಾಬರಿಯಾಗಿದ್ದೆ. ಅದು 'ಆಯ್ತಮ್ಮ, ನೀನೇ ಯಜಮಾನಿ' ಅನ್ನೋ ಸಲಾಮು, ಅಷ್ಟೇ. ಆದರೆ ರೆಕ್ಕೆ ಹರಿಯುವಷ್ಟು ಕಚ್ಚಿದರೆ ಬೇರೆ ಮಾಡಿ. ಇಬ್ಬರು ಸಾಕು, ಮೂರನೆಯದನ್ನು ಸುಮ್ನೆ ಬಿಡಬೇಡಿ. ಒದೆ ತಿಂದೇ ಸಾಯುತ್ತದೆ.

ಊಟ ದಿನಕ್ಕೆರಡು ಸಲ, ಚಿಟಿಕೆಯಷ್ಟು.

ಅನಿಮೋನಿ ಆಸೆ ಇನ್ನೂ ಹೋಗಿಲ್ಲ ಅಲ್ವಾ? ಟ್ಯಾಂಕಿಗೆ ಆರು ತಿಂಗಳಿಂದ ವರ್ಷ ತುಂಬಲಿ. ಲೈಟು ಜೋರಾಗಿರಲಿ, ಪಂಪಿನ ಬಾಯಿಗೆ ಸ್ಪಂಜು ಕಟ್ಟಿ. ಬಬಲ್ ಟಿಪ್ ಜಾತಿಯದು ಹೊಸಬರಿಗೆ ವಾಸಿ. ಮೀನು ಅದರೊಳಗೆ ಹೋಗಲೇಬೇಕು ಅಂತೇನಿಲ್ಲ, ಬಲವಂತ ಮಾಡಬೇಡಿ. ನನ್ನ ಹೆಣ್ಣು ಮೊದಲು ಬಾಲ ತಾಗಿಸಿತು, ಓಡಿತು. ಆಮೇಲೆ ಹೊಟ್ಟೆ ಉಜ್ಜಿತು. ಮೂರನೇ ದಿನ ಪೂರ್ತಿ ಒಳಗೆ! ಮೀನಿನ ಮೈಮೇಲಿನ ಲೋಳೆಯೇ ಅದಕ್ಕೆ ಕಾವಲು, ಅನಿಮೋನಿ ಕುಟುಕುವುದಿಲ್ಲ.

ಒಂದು ದಿನ ಕಲ್ಲಿನ ಮೇಲೆ ಕಿತ್ತಳೆ ಮೊಟ್ಟೆಗಳ ಚಾಪೆ ಕಂಡರೆ ಹತ್ತಿರ ಕೈ ಹಾಕಬೇಡಿ, ಕಚ್ಚುತ್ತವೆ. ಗಂಡು ರೆಕ್ಕೆ ಬೀಸುತ್ತಾ ಕಾಯುತ್ತದೆ. ಒಂದು ವಾರ, ಹತ್ತು ದಿನದಲ್ಲಿ ಮೊಟ್ಟೆಯೊಳಗೆ ಬೆಳ್ಳಿ ಕಣ್ಣು ಮಿಂಚುತ್ತದೆ. ಲೈಟು ಆರಿದ ಮೇಲೆ ಒಡೆಯುತ್ತವೆ. ಮರಿ ಉಳಿಸೋ ಆಸೆಯಿದ್ದರೆ ರೋಟಿಫರ್ ಅನ್ನೋ ಸಣ್ಣ ಜೀವಿಗಳನ್ನು ಮೊದಲೇ ಬೆಳೆಸಿಟ್ಟುಕೊಳ್ಳಿ. ಮರಿಯ ಬಾಯಿಗೆ ದೊಡ್ಡ ಆಹಾರ ಹಿಡಿಸದು.