ಎಟಿಪಿ ಖರ್ಚಾಗುವುದು ಹಿಂಬಾಗಿಲಲ್ಲಿ

ಮೊದಲ ಪಿಯುಸಿ ಮಕ್ಕಳಿಗೆ ನಾನು ಜೀವಶಾಸ್ತ್ರ ಹೇಳಿಕೊಡುತ್ತೇನೆ. ಸಕ್ರಿಯ ಸಾಗಾಣಿಕೆ ಅಂದ ತಕ್ಷಣ ಎಲ್ಲರ ಬಾಯಲ್ಲೂ ಒಂದೇ ಸಾಲು: ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ಸಾಗಿಸಲು ಎಟಿಪಿ (ಕೋಶ ಶಕ್ತಿಗಾಗಿ ಖರ್ಚು ಮಾಡುವ ಅಣು) ಬೇಕು. ಸರಿಯೇ. ಆದರೆ ಕರುಳಿನ ಕೋಶ ಗ್ಲೂಕೋಸನ್ನು ಹೇಗೆ ಎಳೆದುಕೊಳ್ಳುತ್ತದೆ ಅಂತ ಟೆಸ್ಟಿನಲ್ಲಿ ಕೇಳಿದಾಗ, ಗ್ಲೂಕೋಸ್ ಬರುವ ಬಾಗಿಲಲ್ಲೇ ಎಟಿಪಿ ಖರ್ಚಾಗುತ್ತದೆ ಎಂದು ಹೆಚ್ಚಿನವರು ಬರೆದಿದ್ದರು. ತಪ್ಪು ಮಕ್ಕಳದ್ದಲ್ಲ. ಬೋರ್ಡಿನ ಮೇಲೆ ನಾನು ಬರೆದಿದ್ದೇ ಒಂದು ಬಾಗಿಲು.

ಮುಂದಿನ ವರ್ಷ ತರಗತಿಯನ್ನೇ ಕೋಶ ಮಾಡಿದೆ. ನಮ್ಮ ಕೊಠಡಿಗೆ ಎರಡು ಬಾಗಿಲು. ಕಾರಿಡಾರ್ ಅಂದರೆ ಕರುಳಿನ ಒಳಗು, ಮೈದಾನ ಅಂದರೆ ರಕ್ತದ ಕಡೆ. ಮೈದಾನದ ಬಾಗಿಲಲ್ಲಿ ಇಬ್ಬರನ್ನು ಪಂಪು ಅಂತ ನಿಲ್ಲಿಸಿ ಕೈಗೆ ಚಾಕ್‌ಪೀಸ್ ಕೊಟ್ಟೆ. ಒಂದು ಚಾಕ್ ಮುರಿದರೆ ಒಂದು ಎಟಿಪಿ. ಮುರಿದಾಗಲೆಲ್ಲ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ. ಈ ಪಂಪನ್ನು ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ಕಾಲಿನ ನರದಲ್ಲಿ ಕಂಡುಕೊಂಡು 1957ರಲ್ಲಿ ಬರೆದರು. ನೊಬೆಲ್ ಬಂದಿದ್ದು 1997ರಲ್ಲಿ, 40 ವರ್ಷ ಕಳೆದ ಮೇಲೆ!

ಕಾರಿಡಾರಿನ ಬಾಗಿಲಿಗೆ ಬೇರೆ ನಿಯಮ. ಅಲ್ಲಿ ಚಾಕ್ ಇಲ್ಲ. ಇಬ್ಬರು ಸೋಡಿಯಂ ಒಬ್ಬ ಗ್ಲೂಕೋಸಿನ ಕೈ ಹಿಡಿದು ಬಂದರೆ ಮಾತ್ರ ಒಳಗೆ. ಪಂಪು ಸೋಡಿಯಂ ಖಾಲಿ ಮಾಡುತ್ತಿರುವವರೆಗೂ ಹೊರಗಿನ ಸೋಡಿಯಂ ನುಗ್ಗಿ ಬರುತ್ತಿತ್ತು. ಜೊತೆಗೆ ಗ್ಲೂಕೋಸನ್ನೂ ಎಳೆದು ತರುತ್ತಿತ್ತು, ಒಳಗೆ ಗ್ಲೂಕೋಸ್ ಕಿಕ್ಕಿರಿದು ತುಂಬಿದ್ದರೂ.

ಆಮೇಲೆ ಚಾಕ್ ಮುಗಿಯಿತು. ಎರಡೇ ನಿಮಿಷದಲ್ಲಿ ಕೊಠಡಿ ತುಂಬ ಸೋಡಿಯಂ. ಗ್ಲೂಕೋಸ್ ಚೀಟಿ ಹಿಡಿದ ಹುಡುಗ ಕಾರಿಡಾರಿನಿಂದ ಕೂಗಿದ, "ಮೇಡಂ, ನನ್ನ ಕರ್ಕೊಂಡು ಹೋಗೋರೇ ಇಲ್ಲ!" ನನಗೆ ಬೇಕಿದ್ದ ಉತ್ತರ ಅದೇ. ಚಾಕ್ ಮುಗಿದಿದ್ದು ಹಿಂದೆ, ಗ್ಲೂಕೋಸ್ ನಿಂತಿದ್ದು ಮುಂದೆ.

ಆಗ ಬ್ಯಾಗಿನಿಂದ ಓಆರ್‌ಎಸ್ ಪೊಟ್ಟಣ ತೆಗೆದೆ. ಹಿಂದೆ ಅಚ್ಚಾಗಿರುವುದನ್ನು ಒಬ್ಬಳು ಗಟ್ಟಿಯಾಗಿ ಓದಿದಳು: ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ. ಭೇದಿಗೆ ಸಕ್ಕರೆ ಯಾಕೆ ಅನ್ನೋದು ಎಲ್ಲರಿಗೂ ಆಶ್ಚರ್ಯ. ಕಾಲರಾದ ವಿಷ ಕರುಳಿನಿಂದ ಉಪ್ಪು, ನೀರು ಹೊರಗೆ ಹರಿಯುವಂತೆ ಮಾಡುತ್ತದೆ, ಆದರೆ ಸೋಡಿಯಂ-ಗ್ಲೂಕೋಸ್ ಜೋಡಿಯ ಬಾಗಿಲನ್ನು ಮುಚ್ಚುವುದಿಲ್ಲ. ಜೋಡಿ ಒಳಗೆ ಹೋದರೆ ನೀರೂ ಹಿಂದೆಯೇ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರಿದ್ದ ಬಂಗಾಂವ್‌ನಲ್ಲಿ ಡಾ. ದಿಲೀಪ್ ಮಹಲನಬಿಸ್ ಇದನ್ನೇ ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದರು. ಶೇಕಡಾ 30ರ ಹತ್ತಿರ ಇದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಇದನ್ನು ಹೇಳುವಾಗ ಪ್ರತಿ ವರ್ಷ ನನ್ನ ಗಂಟಲು ಕಟ್ಟುತ್ತದೆ.

"ಸಕ್ಕರೆ ಇನ್ನೂ ಜಾಸ್ತಿ ಹಾಕಿದ್ರೆ ಬೇಗ ವಾಸಿಯಾಗುತ್ತಾ?" ಅಂತ ಕೇಳಿದ ಒಬ್ಬ. ಇಲ್ಲ. ಸಕ್ಕರೆ ಹೆಚ್ಚಾದರೆ ಅದೇ ನೀರನ್ನು ಕರುಳಿಗೆ ಎಳೆದು ಭೇದಿ ಜಾಸ್ತಿ ಮಾಡುತ್ತದೆ. ತಂಪು ಪಾನೀಯ ಕುಡಿಸಬೇಡಿ ಅನ್ನೋದು ಇದಕ್ಕೇ. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿಯುವುದೂ ತಪ್ಪು. ಅದು ಪೂರ್ತಿ ಒಂದು ಲೀಟರಿಗೆ.

ಕುದಿಸಿ ಆರಿಸಿದ ಒಂದು ಲೀಟರ್ ನೀರು ತಂದಿದ್ದೆ. ಅಲ್ಲೇ ಕಲಸಿ ಎಲ್ಲರಿಗೂ ಒಂದೊಂದು ಚಮಚ ಕೊಟ್ಟೆ. ಮುಂದಿನ ಬೆಂಚಿನ ಹುಡುಗಿ ಚಪ್ಪರಿಸಿ ನೋಡಿ, "ಕಣ್ಣೀರಿನಷ್ಟೇ ಉಪ್ಪು, ಮೇಡಂ" ಅಂದಳು.