ಉಪ್ಪಿಲ್ಲದ ಸಾರು ಮತ್ತು ಮೊಬೈಲು: ಊಟದ ಹೊತ್ತಿನ ಸ್ಕ್ರೀನ್ ಬಿಡಿಸಿದ ಬಗೆ

ಅವತ್ತು ಮಗಳಿಗೆ ಅನ್ನ ತಿಳಿಸಾರು ಕಲಸಿ ತಿನ್ನಿಸಿದೆ. ಒಂದು ಬಟ್ಟಲು ಹದಿನೈದು ನಿಮಿಷಕ್ಕೆ ಖಾಲಿ. ಮುಂದೆ ಮೊಬೈಲು, ಅದರಲ್ಲಿ ಹಾಡುವ ಹಳದಿ ಬಸ್ಸು. ಚಮಚ ತುಟಿಗೆ ತಾಗಿದರೆ ಬಾಯಿ ತೆರೆಯುತ್ತಿತ್ತು, ಕಣ್ಣು ಮಾತ್ರ ಬಸ್ಸು ಬಿಟ್ಟು ಕದಲಲಿಲ್ಲ. ಆಮೇಲೆ ನಾನು ಊಟಕ್ಕೆ ಕೂತು ಮೊದಲ ತುತ್ತು ಬಾಯಿಗಿಟ್ಟಾಗ ಗೊತ್ತಾಯಿತು, ಸಾರಿಗೆ ಉಪ್ಪೇ ಹಾಕಿರಲಿಲ್ಲ.

ಆಗ ಅವಳಿಗೆ ಎರಡು ವರ್ಷ ಎಂಟು ತಿಂಗಳು. ಪರ್ಪಲ್, ಟ್ರಯಾಂಗಲ್ ಅಂತೆಲ್ಲ ಹೇಳುತ್ತಿದ್ದಳು, ಇಂಗ್ಲಿಷಿನಲ್ಲಿ ಇಪ್ಪತ್ತರವರೆಗೆ ಎಣಿಸುತ್ತಿದ್ದಳು. ಬಂದ ನೆಂಟರು ‘ಏನು ಚುರುಕಮ್ಮ’ ಅಂದರೆ ನಾನೂ ಉಬ್ಬುತ್ತಿದ್ದೆ. ನೀರು ಬೇಕಾದರೆ ಮಾತ್ರ ಬಾಯಿ ಬಿಡದೆ ನನ್ನ ನೈಟಿ ಹಿಡಿದು ಫಿಲ್ಟರ್ ಹತ್ತಿರ ಎಳೆಯುತ್ತಿದ್ದಳು. ಉಪ್ಪಿಲ್ಲದ ಸಾರಿನ ದಿನ ಈ ಎರಡನ್ನೂ ಜೊತೆಗಿಟ್ಟು ನೋಡಿದೆ.

ನಾನು ತಿಪಟೂರಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವವಳು, ಡಾಕ್ಟರಲ್ಲ. ಮಾಡಿ ನೋಡಿದ್ದನ್ನು, ಓದಿ ತಿಳಿದದ್ದನ್ನು ಹೇಳುತ್ತೇನೆ.

ಮೊದಲು ಮೂರು ದಿನ ಏನೂ ಬದಲಾಯಿಸಬೇಡಿ, ಬರೆದಿಡಿ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಹಾಗೆ, ಫೋನ್ ಕೊಟ್ಟಾಗಲೆಲ್ಲ ಹೊತ್ತು ಮತ್ತು ಕಾರಣ ಗುರುತು ಹಾಕಿ. ನನ್ನದು ಹೀಗಿತ್ತು: 8 ಗಂಟೆ, ತಿಂಡಿ. 11, ಅಳತೆ ಕೊಡಲು ಗಿರಾಕಿ ಬಂದರು. 1.30, ಊಟ. 4, ಅರ್ಜೆಂಟ್ ಫಾಲ್ಸ್. 8, ಊಟ. ಮೂರು ದಿನದ ಹದಿನೈದು ಗುರುತಿನಲ್ಲಿ ಮಗು ತಾನಾಗಿ ಕೇಳಿದ್ದು ನಾಲ್ಕೇ ಸಲ. ಉಳಿದದ್ದೆಲ್ಲ ನಾನೇ ಕೈಗಿಟ್ಟಿದ್ದು. ದಿನಕ್ಕೆ ಎರಡೂ ಮುಕ್ಕಾಲು ಗಂಟೆ ಆಗುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘ ಐಎಪಿ ಎರಡು ವರ್ಷದೊಳಗಿನವರಿಗೆ ಸ್ಕ್ರೀನೇ ಬೇಡ ಅನ್ನುತ್ತದೆ, ನೆಂಟರ ಜೊತೆಗಿನ ವಿಡಿಯೋ ಕಾಲ್ ಒಂದನ್ನು ಬಿಟ್ಟು.

ವಿಡಿಯೋ ಕಾಲ್‌ಗೆ ಯಾಕೆ ರಿಯಾಯಿತಿ? ಆ ಕಡೆ ಇರುವವರು ಮಗುವಿಗೆ ಉತ್ತರ ಕೊಡುತ್ತಾರೆ, ಅದಕ್ಕೆ. ಅಮೆರಿಕದ ಪೆಟ್ರೀಷಿಯಾ ಕುಲ್ ಅನ್ನುವ ವಿಜ್ಞಾನಿ ಮತ್ತು ಅವರ ತಂಡ 2003ರಲ್ಲಿ ಒಂದು ಪ್ರಯೋಗ ಪ್ರಕಟಿಸಿತು. ಇಂಗ್ಲಿಷ್ ಮನೆಯ ಒಂಬತ್ತು ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಎದುರಿಗೆ ಕೂತವರು ಆಟವಾಡಿಸುತ್ತಾ, ಓದುತ್ತಾ ಹೇಳಿದಾಗ ಹನ್ನೆರಡು ಸಲದಲ್ಲಿ ಮಕ್ಕಳು ಆ ಭಾಷೆಯ ಸದ್ದಿನ ವ್ಯತ್ಯಾಸ ಗುರುತಿಸಿದವು. ಅದೇ ಮಾತನ್ನು ಟಿವಿಯಲ್ಲಿ ತೋರಿಸಿದ ಮಕ್ಕಳಿಗೆ ಅದು ಹತ್ತಲೇ ಇಲ್ಲ. ನಮ್ಮನೆ ಹಳದಿ ಬಸ್ಸೂ ಅಷ್ಟೇ. ಅದು ಕೇಳಿದ ಪ್ರಶ್ನೆಗೆ ಮಗಳು ಏನೇ ಅಂದರೂ ‘ವೆರಿಗುಡ್’ ಅಂತ ಮುಂದಕ್ಕೆ ಹೋಗುತ್ತಿತ್ತು.

ಈಗ ಫೋನಿನ ಕೆಲಸ, ಹತ್ತು ನಿಮಿಷದ್ದು. ಯೂಟ್ಯೂಬಿನಲ್ಲಿ ಆಟೋಪ್ಲೇ ಆಫ್ ಮಾಡಿ. ಒಂದು ಮುಗಿದ ಮೇಲೆ ತೆರೆ ಸುಮ್ಮನಾದರೆ ‘ಆಯ್ತು ಕಂದ’ ಅನ್ನಲು ನಿಮಗೆ ಜಾಗ ಸಿಗುತ್ತದೆ. ಆಡುತ್ತಿರುವಾಗ ಕಿತ್ತುಕೊಂಡರೆ ರಂಪವೇ. ಯೂಟ್ಯೂಬ್ ಕಿಡ್ಸ್ ಇದ್ದರೆ ಬೀಗದ ಗುರುತು ಒತ್ತಿ ಟೈಮರ್ ಇಡಬಹುದು, ನೀವು ಆರಿಸಿದ್ದಷ್ಟೇ ಕಾಣುವ ಹಾಗೂ ಮಾಡಬಹುದು. ಆರಿಸುವುದಕ್ಕೆ ನನ್ನದೊಂದು ಒರಟು ಅಳತೆ ಇದೆ. ಒಂದು ನಿಮಿಷ ನೋಡಿ, ಚಿತ್ರ ಎಷ್ಟು ಸಲ ಪಟ್ಟನೆ ಬದಲಾಯಿತು ಎಣಿಸಿ. ಎರಡು ಮೂರು ಸೆಕೆಂಡಿಗೊಮ್ಮೆ ಹಾರುವಂಥದ್ದನ್ನು ನಾನು ತೆಗೆದೆ. 2011ರ ಒಂದು ಅಧ್ಯಯನದಲ್ಲಿ ನಾಲ್ಕು ವರ್ಷದ ಮಕ್ಕಳಿಗೆ ವೇಗದ ಕಾರ್ಟೂನು ಒಂಬತ್ತೇ ನಿಮಿಷ ತೋರಿಸಿದ್ದರು. ಆ ಕೂಡಲೇ ಕೊಟ್ಟ, ತಾಳ್ಮೆ ಮತ್ತು ಗಮನ ಬೇಡುವ ಕೆಲಸಗಳಲ್ಲಿ ಅವರು, ಬಣ್ಣದ ಕಡ್ಡಿ ಹಿಡಿದು ಚಿತ್ರ ಬಿಡಿಸುತ್ತಿದ್ದ ಮಕ್ಕಳಿಗಿಂತ ಹಿಂದೆ ಬಿದ್ದರು.

ಊಟದ್ದೇ ದೊಡ್ಡ ಕಥೆ. ರಾತ್ರಿ ಊಟದಿಂದ ಶುರು ಮಾಡಿ ನಾನು ಕೆಟ್ಟೆ. ಮಗುವಿಗೂ ಸುಸ್ತು, ನನಗೂ ಸುಸ್ತು, ತಟ್ಟೆ ಹಾರಿ ಫ್ರಿಡ್ಜಿಗೆ ಬಡಿಯಿತು. ಅತ್ತೆಗೆ ತಡೆಯಲಾಗಲಿಲ್ಲ.

‘ಮಗು ಹಸ್ಕೊಂಡು ಮಲಗುತ್ತಲ್ಲಮ್ಮ, ಇವತ್ತೊಂದಿನ ಕೊಟ್ಬಿಡು.’

‘ಎರಡೇ ದಿನ ನೋಡೋಣ ಅತ್ತೆ. ಆಮೇಲೆ ನೀವು ಹೇಳ್ದಂಗೆ ಕೇಳ್ತೀನಿ.’

ಹಾಗೆ ಅಂದೆನೇ ಹೊರತು ಆ ರಾತ್ರಿ ಕೊಟ್ಟುಬಿಟ್ಟೆ. ಮಾರನೇ ದಿನ ಬೆಳಗಿನ ತಿಂಡಿಯಿಂದ ಮತ್ತೆ ಶುರು. ನೀವೂ ತಿಂಡಿಯಿಂದಲೇ ಹಿಡಿಯಿರಿ, ಆ ಹೊತ್ತಿಗೆ ಹಸಿವೂ ಇರುತ್ತದೆ, ಮನೆಯವರೂ ಇರುತ್ತಾರೆ. ತಟ್ಟೆ ಇಡುವ ಮೊದಲೇ ಎಲ್ಲರ ಫೋನೂ ಕಣ್ಣಿಗೆ ಬೀಳದ ಕಡೆ ಹೋಗಬೇಕು. ನಮ್ಮಲ್ಲಿ ಹೊಲಿಗೆ ಮಿಷಿನ್ನಿನ ಡ್ರಾಯರಿಗೆ ಹೋಗುತ್ತದೆ, ಯಜಮಾನರದ್ದೂ ಸೇರಿ. ಊಟಕ್ಕೆ ಒಂದೂವರೆ ಗಂಟೆ ಮುಂಚೆಯಿಂದ ಬಿಸ್ಕತ್ತು, ಹಾಲು ಬಂದ್. ಕೆಳಗೆ ಹಳೇ ಪೇಪರ್ ಹಾಸಿ ಅವಳದೇ ಒಂದು ತಟ್ಟೆ. ಕಲಸಿಕೊಳ್ಳಲಿ, ಚೆಲ್ಲಲಿ. ಬಾಯಿಗೆ ತುರುಕಬೇಡಿ, ಕಡಿಮೆ ತಿಂದರೆ ತಟ್ಟೆ ಎತ್ತಿಬಿಡಿ. ಮೊದಲ ಎರಡು ದಿನ ಅವಳು ತಿಂದದ್ದು ಅರ್ಧ ಇಡ್ಲಿ, ನಾಲ್ಕು ತುತ್ತು ಅನ್ನ. ಮೂರನೇ ದಿನ ಮುದ್ದೆ ತೊಳಸುವಾಗ ಒಂದು ಚೂರು ಆರಿಸಿ ಅವಳ ಕೈಗೆ ಕೊಟ್ಟೆ. ಗೋಲಿ ಮಾಡಿದಳು, ಚಪ್ಪಟೆ ಮಾಡಿದಳು, ಕೊನೆಗೆ ಸಾರಿಗೆ ಅದ್ದಿ ನುಂಗಿದಳು. ಒಂಬತ್ತನೇ ದಿನ ಹಾಗಲಕಾಯಿ ಗೊಜ್ಜು ನಾಲಿಗೆಗೆ ತಾಗಿದ್ದೇ ಥೂ ಅಂತ ಉಗಿದು ‘ಕಹಿ ಅಜ್ಜಿ!’ ಅಂದಳು. ಕಹಿ ಅನ್ನುವ ಮಾತು ಅವಳ ಬಾಯಲ್ಲಿ ಅದೇ ಮೊದಲು.

ನೈಟಿ ಹಿಡಿದು ಎಳೆಯುವುದಕ್ಕೆ ಬೇರೆ ಉಪಾಯ. ಎಳೆದಾಗ ಹೋಗಿ, ಆದರೆ ಲೋಟ ತುಂಬಿಸುವ ಮೊದಲು ಅವಳ ಮುಖ ನೋಡಿ ಮನಸ್ಸಿನಲ್ಲೇ ಐದು ಎಣಿಸಿ. ಏನೂ ಬರದಿದ್ದರೆ ನೀವೇ ‘ನೀರು ಬೇಕಾ? ನೀರು’ ಅಂತ ಹೇಳಿ ಕೊಟ್ಟುಬಿಡಿ. ‘ನೀರು ಅನ್ನು, ಅಂದರೆ ಮಾತ್ರ ಕೊಡ್ತೀನಿ’ ಅಂತ ಪಟ್ಟು ಹಿಡಿಯಬೇಡಿ, ಬಾಯಾರಿದ ಮಗುವಿಗೆ ಪರೀಕ್ಷೆ ಇಡಬಾರದು. ನಮಗೆ ಮೂರು ವಾರ ಹಿಡಿಯಿತು.

ಹಾಗಂತ ಮಾತು ತಡವಾದರೆ ಎಲ್ಲಕ್ಕೂ ಫೋನೇ ಕಾರಣ ಅಂದುಕೊಂಡು ಕೂರಬೇಡಿ. ಎರಡು ವರ್ಷವಾದರೂ ‘ಅಮ್ಮ ಬಾ’ ಅನ್ನುವಂಥ ಎರಡು ಪದ ಜೋಡಿಸದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ, ಕಿವಿ ಪರೀಕ್ಷೆಯನ್ನೂ ಮಾಡಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಇದಕ್ಕೆಂದೇ ಕೇಂದ್ರಗಳಿವೆ, ಅಂಗನವಾಡಿಯಲ್ಲಿ ವಿಚಾರಿಸಿದರೆ ದಾರಿ ಹೇಳುತ್ತಾರೆ. ಗೇಮಿನ ಗೀಳು ಹತ್ತಿದ ದೊಡ್ಡ ಮಕ್ಕಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ.

ಅತ್ತೆಯ ಧಾರಾವಾಹಿ ಇನ್ನೂ ಬಗೆಹರಿದಿಲ್ಲ. ಯಾರೂ ನೋಡದಾಗ ಟಿವಿ ಸುಮ್ಮನೆ ಬಡಬಡಿಸುವುದು ನಿಂತಿದೆ, ರಾತ್ರಿ ಒಂದು ಧಾರಾವಾಹಿ ಮಾತ್ರ ಅವರ ಹಕ್ಕು. ಹನ್ನೊಂದು ಗಂಟೆಯ ಗಿರಾಕಿಗೆ ದಾರ ಮುಗಿದ ದೊಡ್ಡ ರೀಲು, ಬಟ್ಟೆ ಚೂರಿನ ಬುಟ್ಟಿ ಆಗಿಬಂದಿದೆ (ಗುಂಡಿ ಡಬ್ಬಿ ಕೊಡಬೇಡಿ, ನುಂಗಿಬಿಡುತ್ತವೆ). ಆದರೆ ಗೌರಿ ಹಬ್ಬದ ಹಿಂದಿನ ವಾರ ಇಪ್ಪತ್ತೆರಡು ಬ್ಲೌಸು ಬಾಕಿ ಇದ್ದವು, ರೀಲಿಗೂ ಬುಟ್ಟಿಗೂ ಅವಳು ಜಗ್ಗಲಿಲ್ಲ. ಮೊದಲೇ ಇಳಿಸಿಟ್ಟುಕೊಂಡಿದ್ದ ಮೂರು ವಿಡಿಯೋ ಹಾಕಿ, ನೆಟ್ ಆಫ್ ಮಾಡಿ ಕೊಟ್ಟೆ. ನಲವತ್ತು ನಿಮಿಷಕ್ಕೆ ಮೂರೂ ಮುಗಿದವು. ಫೋನ್ ತಂದು ಮಿಷಿನ್ ಮೇಲಿಟ್ಟು ‘ಖಾಲಿ’ ಅಂದಳು.